ಹತ್ತಿರದ ಆಸ್ಪತ್ರೆ ಎಂಬ ತಪ್ಪು ಲೆಕ್ಕ

ಕಳೆದ ಮಳೆಗಾಲದ ಒಂದು ರಾತ್ರಿ, ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಹೋಟೆಲಿನಲ್ಲಿ ಕೆಲಸ ಮಾಡುವ ಕುಂದಾಪುರ ಕಡೆಯ ಹುಡುಗನಿಗೆ ಟೆಂಪೊ ಬಡಿಯಿತು. ಮೈಮೇಲೆ ತರಚು ಗಾಯಗಳಷ್ಟೇ ಕಾಣುತ್ತಿದ್ದವು. ರಿಕ್ಷಾದವರೊಬ್ಬರು ಹತ್ತೇ ನಿಮಿಷದಲ್ಲಿ ಹತ್ತಿರದ ನರ್ಸಿಂಗ್ ಹೋಮಿಗೆ ತಲುಪಿಸಿದರು. ಅಲ್ಲಿ ಆ ಹೊತ್ತಿಗೆ ಶಸ್ತ್ರವೈದ್ಯರಿರಲಿಲ್ಲ. ಎರಡನೆಯ ಕಡೆ ರಕ್ತವಿರಲಿಲ್ಲ. ಮೂರನೆಯ ಆಸ್ಪತ್ರೆಯಲ್ಲಿ ಒಡೆದ ಗುಲ್ಮವನ್ನು (ಸ್ಪ್ಲೀನ್) ತೆಗೆಯಲು ಹೊಟ್ಟೆ ತೆರೆಯುವಾಗ ಎರಡೂವರೆ ಗಂಟೆ ಕಳೆದಿತ್ತು. ಹುಡುಗ ಉಳಿದ, ಆದರೆ ಆ ಎರಡೂವರೆ ಗಂಟೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಒಳಗೆ ರಕ್ತ ಸೋರುತ್ತಿರುವಾಗ ದೇಹ ತಣ್ಣಗಾಗುತ್ತದೆ, ರಕ್ತದಲ್ಲಿ ಆಮ್ಲದ ಅಂಶ ಏರುತ್ತದೆ, ಹೆಪ್ಪುಗಟ್ಟುವ ಶಕ್ತಿ ಕುಂದುತ್ತದೆ. ಈ ಮೂರೂ ಒಂದನ್ನೊಂದು ಉಲ್ಬಣಗೊಳಿಸುವುದರಿಂದ, ಮೊದಲ ಅರ್ಧ ಗಂಟೆಯಲ್ಲಿ ಸುಲಭವಾಗಿ ನಿಲ್ಲಿಸಬಹುದಾದ ಸ್ರಾವ ಆಮೇಲೆ ಕೈಗೆ ಸಿಗುವುದಿಲ್ಲ. 20,000ಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಕ್ರ್ಯಾಶ್-2 ಅಧ್ಯಯನ ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲವೆಂಬ ಅಗ್ಗದ ಔಷಧ ಜೀವ ಉಳಿಸುತ್ತದೆಂದು ತೋರಿಸಿತು. ಮುಂದಿನ ವಿಶ್ಲೇಷಣೆಯಲ್ಲಿ ಕಂಡದ್ದೇನೆಂದರೆ, ಬೇಗ ಕೊಟ್ಟಷ್ಟೂ ಲಾಭ ಹೆಚ್ಚು, ಮೂರು ಗಂಟೆ ದಾಟಿದ ಮೇಲೆ ಕೊಟ್ಟರೆ ಅದೇ ಔಷಧದಿಂದ ಅಪಾಯ.

ಬಾಲ್ಟಿಮೋರಿನ ಶಸ್ತ್ರವೈದ್ಯ ಆರ್. ಆಡಮ್ಸ್ ಕೌಲಿ ಪ್ರಚಾರಕ್ಕೆ ತಂದ ‘ಗೋಲ್ಡನ್ ಅವರ್’ (ಗಾಯವಾದ ಮೇಲಿನ ಮೊದಲ ಒಂದು ಗಂಟೆ) ಎಂಬ ಮಾತು 2019ರ ತಿದ್ದುಪಡಿಯ ಮೂಲಕ ನಮ್ಮ ಮೋಟಾರು ವಾಹನ ಕಾಯ್ದೆಯನ್ನೂ ಸೇರಿದೆ. ಆದರೆ ಎಲ್ಲ ಗಾಯಕ್ಕೂ ಒಂದು ಗಂಟೆಯ ವಾಯಿದೆ ಇರುವುದಿಲ್ಲ. ಉಸಿರಿನ ದಾರಿ ಕಟ್ಟಿದವನಿಗೆ, ತೊಡೆಯ ರಕ್ತನಾಳ ಹರಿದವನಿಗೆ ಇರುವುದು ಕೆಲವೇ ನಿಮಿಷ. ಅಲ್ಲಿ ಗಾಯದ ಮೇಲೆ ಬಟ್ಟೆಯಿಟ್ಟು ಬಲವಾಗಿ ಒತ್ತಿ ಹಿಡಿಯುವ ದಾರಿಹೋಕನೇ ಮೊದಲ ವೈದ್ಯ.

ನನ್ನ ಅಭಿಪ್ರಾಯದಲ್ಲಿ ನಾವು ಹೆಚ್ಚು ಸಮಯ ಕಳೆದುಕೊಳ್ಳುವುದು ರಸ್ತೆಯಲ್ಲಲ್ಲ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆಯುವುದರಲ್ಲಿ. ಮುಂಬಯಿ ನಗರದೊಳಗಿದ್ದವರಿಗೆ ಸಾಯನ್, ಕೆಇಎಂ ಆಸ್ಪತ್ರೆಗಳಿವೆ. ಕಲ್ಯಾಣ, ಡೊಂಬಿವಲಿ, ಅಂಬರನಾಥದವರೆಗೆ ಮನೆಗಳು ಬೆಳೆದಂತೆ ಅಂಥ ದೊಡ್ಡ ಆಸ್ಪತ್ರೆಗಳು ಬೆಳೆಯಲಿಲ್ಲ. ಮಹಾರಾಷ್ಟ್ರದಲ್ಲಿ 2014ರಿಂದ 108 ಆಂಬ್ಯುಲೆನ್ಸ್ ಸೇವೆ ಇದೆ. ಅದು ಎಷ್ಟೇ ಬೇಗ ಬಂದರೂ, ಎಲ್ಲಿ ಶಸ್ತ್ರವೈದ್ಯರು ಮತ್ತು ರಕ್ತ ಎರಡೂ ಸಿದ್ಧವಾಗಿವೆ ಎಂಬುದು ಆ ಕ್ಷಣದಲ್ಲಿ ತಿಳಿಯದಿದ್ದರೆ ಪ್ರಯೋಜನ ಅರ್ಧವೇ. ಈ ಮಾಹಿತಿಯನ್ನು ಪ್ರತಿ ರಾತ್ರಿ ಪ್ರಕಟಿಸುವ ಹೊಣೆಯನ್ನು ಪಾಲಿಕೆಗಳು ಹೊರಬೇಕೆಂದು ನಾನು ಕೇಳುತ್ತಿದ್ದೇನೆ.

ಆ ರಿಕ್ಷಾದವರು ಪೊಲೀಸರಿಗೆ ಹೆದರಿ ಹೆಸರನ್ನೂ ಹೇಳದೆ ಹೊರಟುಹೋದರು. ನೆರವಾದವರು ಹೆಸರು ಹೇಳಲೇಬೇಕೆಂದಿಲ್ಲ. 2016ರ ಸುಪ್ರೀಂ ಕೋರ್ಟ್ ತೀರ್ಪು ಮತ್ತು ಮೋಟಾರು ವಾಹನ ಕಾಯ್ದೆಯ 134ಎ ಕಲಮು ಅವರಿಗೆ ರಕ್ಷಣೆ ಕೊಟ್ಟಿವೆ. ಇದನ್ನು ಮರಾಠಿ, ಹಿಂದಿ, ಕನ್ನಡದಲ್ಲಿ ಬರೆಸಿ ನಮ್ಮ ಗಲ್ಲಾಪೆಟ್ಟಿಗೆಯ ಪಕ್ಕ ಅಂಟಿಸಿದ್ದೇನೆ. ಅದರ ಕೆಳಗೆ ‘ರಾತ್ರಿ ಶಸ್ತ್ರವೈದ್ಯರಿರುವ ಆಸ್ಪತ್ರೆ’ ಎಂಬ ಸಾಲಿನ ಮುಂದೆ ಇನ್ನೂ ಏನನ್ನೂ ಬರೆಯಲಾಗಿಲ್ಲ.