ಆಟಿಸಂ ಥೆರಪಿ ಮತ್ತು ಆಯುಷ್ಮಾನ್ ಕಾರ್ಡ್: ಒಂದು ಸ್ಪಷ್ಟನೆ

‘ಆಯುಷ್ಮಾನ್ ಕಾರ್ಡ್ ಇದ್ದರೆ ಆಟಿಸಂ ಇರುವ ಮಗುವಿನ ಥೆರಪಿಗೆ ವರ್ಷಕ್ಕೆ 5 ಲಕ್ಷ ರೂಪಾಯಿ ಸಿಗುತ್ತದೆ’ ಎಂಬ ಸಂದೇಶ ಹರಿದಾಡುತ್ತಿದೆ. ಅದು ಸರಿಯಲ್ಲ. 5 ಲಕ್ಷದ ಮಿತಿ ಇಡೀ ಕುಟುಂಬಕ್ಕೆ, ಅದೂ ಆಸ್ಪತ್ರೆಗೆ ದಾಖಲಾಗಿ ಪಡೆಯುವ ಚಿಕಿತ್ಸೆಗೆ. ವಾರವಾರ ಹೋಗಿಬರುವ ಸ್ಪೀಚ್ ಥೆರಪಿ, ಆಕ್ಯುಪೇಷನಲ್ ಥೆರಪಿ ಹೊರರೋಗಿ ಸೇವೆಗಳು. ಯೋಜನೆ ಅವುಗಳ ವೆಚ್ಚ ಭರಿಸುವುದಿಲ್ಲ.

ಥೆರಪಿಗೆ ನೆರವಾಗುವುದು ಬೇರೆಯೇ ಯೋಜನೆ: ಆಟಿಸಂ ಮುಂತಾದ ಅಂಗವೈಕಲ್ಯ ಇರುವವರಿಗಾಗಿ 1999ರ ಕಾಯ್ದೆಯಡಿ ರಚನೆಯಾದ ಕೇಂದ್ರ ಸರ್ಕಾರಿ ಸಂಸ್ಥೆ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ‘ನಿರಾಮಯ’. ವರ್ಷಕ್ಕೆ ಗರಿಷ್ಠ 1 ಲಕ್ಷ ರೂಪಾಯಿ ವಿಮೆ. ಆದರೆ ಥೆರಪಿಗೆ ಅದರೊಳಗೇ ಪ್ರತ್ಯೇಕ ಮಿತಿಯಿದೆ, ಪೂರ್ತಿ ಲಕ್ಷವನ್ನು ನೆಚ್ಚಿಕೊಳ್ಳಬೇಡಿ. ಅಂಗವೈಕಲ್ಯ ಪ್ರಮಾಣಪತ್ರ ಬೇಕು. ಮೊದಲು ನೀವೇ ಪಾವತಿಸಿ, ಬಿಲ್ಲು ಸಲ್ಲಿಸಿ ಹಣ ಮರಳಿ ಪಡೆಯಬೇಕು; ಆದ್ದರಿಂದ ಪ್ರತಿ ರಸೀದಿಯನ್ನೂ ಜೋಪಾನ ಮಾಡಿ. ಪ್ರತಿವರ್ಷ ನವೀಕರಣವೂ ಕಡ್ಡಾಯ.

ಹಳೆಯ ಸಂದೇಶವನ್ನು ದಯವಿಟ್ಟು ಯಾರಿಗೂ ಕಳುಹಿಸಬೇಡಿ.