ವಿಜಯನಗರಕ್ಕೆ ಹೋದ ಒಬ್ಬಟ್ಟು

ಮೊನ್ನೆ ಭಾನುವಾರ ನಾನು ದುಡ್ಡು ಕೊಟ್ಟು ತರಿಸಿದ ಹತ್ತು ಕಾಯಿ ಒಬ್ಬಟ್ಟನ್ನು ವಿಜಯನಗರದ ನಮ್ಮ ಹಳೇ ಓನರ್ ಆಂಟಿ ತಿಂದರು. ತಿಂದದ್ದಕ್ಕೆ ಬೇಜಾರಿಲ್ಲ. ತಿಂದಾದ ಮೇಲೆ ಫೋನ್ ಮಾಡಿ, "ಮನೆ ಬಿಟ್ಟು ಹೋದ್ರೂ ನೆನಪಿಟ್ಕೊಂಡಿದ್ದೀಯಲ್ಲಪ್ಪಾ, ಸಂತೋಷ. ತುಪ್ಪ ಮಾತ್ರ ಸ್ವಲ್ಪ ಕಡಿಮೆ" ಅಂದರು ನೋಡಿ, ಅದು ಇನ್ನೂ ಉರಿಯುತ್ತಿದೆ. ಪೇಂಟಿಂಗ್ ಅಂತ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡ ಆಂಟಿ ಇವರೇ.

ನಾವು ಕೆಂಗೇರಿ ಉಪನಗರದ ತುದಿಗೆ ಬಂದು ಮೂರು ವಾರ ಆಯಿತು. ಒಂದು ಕಡೆ ಖಾಲಿ ಸೈಟು, ಇನ್ನೊಂದು ಕಡೆ ಕಟ್ಟುತ್ತಿರುವ ಮನೆ. ಒಬ್ಬಟ್ಟನ್ನು ಮಗಳ ಟ್ಯಾಬ್‌ನಲ್ಲಿ ಆರ್ಡರ್ ಮಾಡಿದ್ದೆ. ವಿಳಾಸ ಟೈಪ್ ಮಾಡುವ ಸೋಮಾರಿತನಕ್ಕೆ 'ಈಗಿರುವ ಜಾಗ' ಅನ್ನುವುದನ್ನೇ ಒತ್ತಿದೆ. ನಮ್ಮ ವಿಜಯನಗರದ ಅಂಗಡಿಯೇ ಬಂತು. 18 ನಿಮಿಷದಲ್ಲಿ ತಲುಪಿಸುತ್ತೇವೆ ಅಂತಲೂ ತೋರಿಸಿತು. ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. "ಪರವಾಗಿಲ್ವೇ, ಕೆಂಗೇರೀಲೂ ಬ್ರಾಂಚ್ ಮಾಡಿದ್ದಾರೆ" ಅಂತ ಹೆಂಡತಿಗೆ ಹೆಮ್ಮೆಯಿಂದ ಬೇರೆ ಹೇಳಿದೆ.

"ಪಪ್ಪಾ, ತಪ್ಪು ವೈಫೈ ಡಬ್ಬಿದು" ಅಂದಳು ಮಗಳು. ಅವಳ ಟ್ಯಾಬ್‌ಗೆ ಜಿಪಿಎಸ್ಸೇ ಇಲ್ಲವಂತೆ. ಹತ್ತಿರ ಯಾವ ವೈಫೈ ಡಬ್ಬಿ ಇದೆ ಅಂತ ನೋಡಿ, ಆ ಡಬ್ಬಿ ಎಲ್ಲಿಯದು ಅಂತ ದೊಡ್ಡ ಪಟ್ಟಿಯಲ್ಲಿ ಹುಡುಕುತ್ತದಂತೆ. ಹಿಂದೆ ಆ ದಾರಿಯಲ್ಲಿ ಓಡಾಡಿದ ಫೋನುಗಳೇ ಆ ಪಟ್ಟಿಗೆ ಚಾಡಿ ಹೇಳಿರುವುದು. ನಮ್ಮ ಡಬ್ಬಿಯನ್ನು ನಾವು ಹಾಸಿಗೆ ಸುರುಳಿಯ ಜೊತೆ ಟೆಂಪೋದಲ್ಲಿ ಹಾಕಿಕೊಂಡು ಬಂದದ್ದು ಪಟ್ಟಿಗೆ ಗೊತ್ತಿಲ್ಲ. ಈ ಕಡೆ ಫೋನ್ ಹಿಡಿದು ಓಡಾಡುವವರು ಜಾಸ್ತಿಯಾದರೆ ತಾನೇ ಸರಿಹೋಗುತ್ತದೆಯಂತೆ. ನಮ್ಮ ರೋಡಿನಲ್ಲಿ ಓಡಾಡುವುದು ಎರಡು ಎಮ್ಮೆ. ಡಬ್ಬಿಯನ್ನು ಬೈಯೋಣ ಅಂದರೆ ನನ್ನ ಆಧಾರ್ ಕಾರ್ಡ್‌ನಲ್ಲೂ ಇನ್ನೂ ವಿಜಯನಗರವೇ ಇದೆ.

ಕೆಂಗೇರಿ ಉಪನಗರಕ್ಕೆ ಕಂಡಕ್ಟರ್‌ಗಳು ಹೇಳುವ ಹೆಸರು ಸ್ಯಾಟಲೈಟ್ ಟೌನ್. ಸ್ಯಾಟಲೈಟ್ ಟೌನಿನಲ್ಲಿದ್ದೂ ಸ್ಯಾಟಲೈಟಿಗೆ ಸಿಗದವರು ನಾವು. ಇಲ್ಲಿಂದ ಇನ್ನಷ್ಟು ಮುಂದೆ ಹೋದರೆ ಬ್ಯಾಲಾಳು. ಜಿಪಿಎಸ್ ಥರ ಜಾಗ ತೋರಿಸುವ ನಮ್ಮ ದೇಶದ ನಾವಿಕ್ ಉಪಗ್ರಹಗಳಿಗೆ ಇಸ್ರೋದವರು ಸಮಯ ಕೊಡುವ ಕೇಂದ್ರ ಇರುವುದು ಅಲ್ಲೇ.

ಜಾಗ ತೋರಿಸುವ ಉಪಗ್ರಹಕ್ಕೆ ಸಮಯ ಯಾಕೆ ಅಂತ ನನಗೂ ಈ ಒಬ್ಬಟ್ಟಿನ ತನಕ ಗೊತ್ತಿರಲಿಲ್ಲ. ಉಪಗ್ರಹ ಕೂಗಿ ಹೇಳುವುದು ಮುಖ್ಯವಾಗಿ ಎರಡೇ: ನಾನು ಎಲ್ಲಿದ್ದೇನೆ, ನನ್ನ ಗಡಿಯಾರದಲ್ಲಿ ಈಗ ಎಷ್ಟು ಗಂಟೆ. ಆ ಕೂಗು ಬಂದು ಮುಟ್ಟಲು ಎಷ್ಟು ಹೊತ್ತು ಹಿಡಿಯಿತು ಅಂತ ಲೆಕ್ಕ ಹಾಕಿ ಫೋನು ದೂರ ಕಂಡುಹಿಡಿಯುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೆ 300 ಮೀಟರ್ ಆಚೆ. ಕನಿಷ್ಠ ನಾಲ್ಕು ಉಪಗ್ರಹ ಬೇಕು. ಮೂರು ಜಾಗಕ್ಕೆ, ನಾಲ್ಕನೆಯದು ನಮ್ಮ ಫೋನಿನ ಅಗ್ಗದ ಗಡಿಯಾರದ ತಪ್ಪು ಹಿಡಿಯಲಿಕ್ಕೆ. ಗಡಿಯಾರಗಳು ಒಂದಕ್ಕೊಂದು ಒಪ್ಪಿದರೆ ಮಾತ್ರ ನೀವೆಲ್ಲಿದ್ದೀರಿ ಅಂತ ಗೊತ್ತಾಗುವುದು.

ಈ ಮಾತನ್ನು ನಮ್ಮ ಮನೆಯಲ್ಲಿ ಹೇಳುವ ಹಾಗಿಲ್ಲ. ಯಾಕೆಂದರೆ ಗಡಿಯಾರಗಳೆಲ್ಲ ಅಪ್ಪನ ಸುಪರ್ದಿಯಲ್ಲಿವೆ.

ಒಟ್ಟು ನಾಲ್ಕು. ಹಾಲ್‌ನದು 15 ನಿಮಿಷ ಮುಂದೆ, "ಎಲ್ಲಾದ್ರೂ ಹೊರಡೋದಕ್ಕೆ." ಅಡುಗೆಮನೆಯದು 7 ನಿಮಿಷ ಮುಂದೆ. ಹತ್ತು ಇಟ್ಟರೆ ಸೊಸೆಗೆ ಗಾಬರಿಯಾಗುತ್ತೆ, ಐದು ಇಟ್ಟರೆ ಭಯವೇ ಇರಲ್ಲ ಅನ್ನುವುದು ಅಪ್ಪನ ಸಂಶೋಧನೆ. ಅಪ್ಪನ ರೂಮಿನದು 5 ನಿಮಿಷ ಹಿಂದೆ. "ರಿಟೈರಾದ ಮೇಲೆ ನನಗೇನೋ ಅವಸರ?" ದೇವರಮನೆಯದು ಮಾತ್ರ ಸರಿಯಾದ ಸಮಯ. ದೇವರ ಹತ್ತಿರ ಸುಳ್ಳು ಹೇಳಬಾರದಂತೆ.

ಮುಂದಿಟ್ಟು ಏನು ಉಪಯೋಗ? ಹಾಲ್‌ನಲ್ಲಿ ಎಂಟೂವರೆ ಅಂದರೆ ಎಂಟೂಕಾಲು ಅಂತ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಕಳೆದು, ಇನ್ನೂ ಟೈಮಿದೆ ಅಂತ ಕೂತು, ದಿನಾ ಮೆಟ್ರೋ ತಪ್ಪಿಸಿಕೊಳ್ಳುತ್ತೇವೆ. ನೆಂಟರಿಗೆ ಈ ಲೆಕ್ಕ ಗೊತ್ತಿಲ್ಲ. ಅವರು ಹಾಲ್ ಗಡಿಯಾರ ನೋಡಿ "ಅಯ್ಯೋ ಹೊತ್ತಾಯ್ತು" ಅಂತ ಎದ್ದುಬಿಡುತ್ತಾರೆ. ಅಷ್ಟರಮಟ್ಟಿಗೆ ಉಪಕಾರವೇ ಅನ್ನಿ.

ಈ ಮನೆಗೆ ಬಂದ ದಿನ ಪಾತ್ರೆ ಮೂಟೆ ಬಿಚ್ಚುವ ಮೊದಲೇ ಅಪ್ಪ ನಾಲ್ಕೂ ಗಡಿಯಾರ ತಗುಲಿಹಾಕಿ, ಹಳೇ ಲೆಕ್ಕದಂತೆ ತಿರುಗಿಸಿಟ್ಟಿದ್ದರು. ಹಾಲುಕ್ಕಿಸಲು ಬೆಳಿಗ್ಗೆ 6.10ರಿಂದ 6.25ರ ಮುಹೂರ್ತ. ಪುರೋಹಿತರು ಒಲೆ ಮುಂದೆ ಕೂತು "ಟೈಮೆಷ್ಟಾಯ್ತು ನೋಡಿ" ಅಂದರು. ಹಾಲ್‌ನಿಂದ ಭಾವ "6.27" ಅಂತ ಕೂಗಿದರು. ಮುಹೂರ್ತ ಮುಗಿದುಹೋಗಿದೆ. ರೂಮಿನಿಂದ ಅತ್ತೆ "6.07" ಅಂದರು. ಇನ್ನೂ ಶುರುವಾಗಿಲ್ಲ. ಅಡುಗೆಮನೆಯಲ್ಲಿ 6.19, ದೇವರಮನೆಯಲ್ಲಿ 6.12. ಪುರೋಹಿತರು ಎಲ್ಲರ ಮುಖ ಒಂದು ಸುತ್ತು ನೋಡಿ, ಸೊಂಟದಿಂದ ಮೊಬೈಲ್ ತೆಗೆದರು. ಅಷ್ಟರಲ್ಲಿ ಹಾಲು ಯಾರನ್ನೂ ಕೇಳದೆ ಉಕ್ಕಿತು.

ಉಪಗ್ರಹದ ಗಡಿಯಾರಗಳ ಕಥೆ ಹೇಳಿ ಅಪ್ಪನನ್ನು ದಾರಿಗೆ ತರೋಣ ಅಂತ ಹೊರಟೆ. "ಮೇಲೆ ಹೋದ ಜಿಪಿಎಸ್ ಗಡಿಯಾರ ಐನ್‌ಸ್ಟೈನ್ ಲೆಕ್ಕದ ಪ್ರಕಾರ ದಿನಕ್ಕೆ 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತಂತೆ ಅಪ್ಪಾ. ಹಾಗೇ ಬಿಟ್ಟರೆ ದಿನಕ್ಕೆ ಸುಮಾರು 10 ಕಿಲೋಮೀಟರ್ ತಪ್ಪು. ಇಲ್ಲಿಂದ ವಿಜಯನಗರಕ್ಕೆ ಹೆಚ್ಚುಕಮ್ಮಿ ಅಷ್ಟೇ." ಅದಕ್ಕೇನು ಮಾಡ್ತಾರೆ ಅಂತ ಕೇಳಿದರು. "ನೆಲದ ಮೇಲಿದ್ದಾಗಲೇ ಅಷ್ಟು ನಿಧಾನ ಮಾಡಿ ಕಳಿಸ್ತಾರೆ" ಅಂದೆ.

"ನೋಡಿದ್ಯಾ! ಅವರೂ ಬೇಕಂತಲೇ ತಪ್ಪಿಟ್ಟಿರ್ತಾರೆ."

ಸುಮ್ನಿರಬೇಕಿತ್ತು. ನಾನು ಇಸ್ರೋ ಕಡೆ ತಿರುಗಿದೆ. 2013ರಲ್ಲಿ ಹಾರಿಸಿದ ನಮ್ಮ ಮೊದಲ ನಾವಿಕ್ ಉಪಗ್ರಹದಲ್ಲಿದ್ದ ಮೂರೂ ಪರಮಾಣು ಗಡಿಯಾರ ಕೆಟ್ಟುಹೋದದ್ದು, ಅವು ಹೊರದೇಶದಿಂದ ತರಿಸಿದವು, 2023ರಲ್ಲಿ ಹೋದ ಉಪಗ್ರಹದಲ್ಲಿ ಇಲ್ಲೇ ಮಾಡಿದ ಗಡಿಯಾರ ಇಟ್ಟದ್ದು, ಎಲ್ಲ ಹೇಳಿದೆ. ಅಪ್ಪ ಗೋಡೆ ನೋಡಿದರು. "ಅವರದ್ದು ಮೂರೂ ನಿಂತ್ಹೋಯ್ತು. ನಮ್ಮವು ನಾಲ್ಕೂ ಓಡ್ತಿವೆ."

ಹೀಗೆ ಮಾತಾಡುವ ಅಪ್ಪ ಒಂದು ಕಾಲದಲ್ಲಿ ಸೆಕೆಂಡ್ ತಪ್ಪಿಸುತ್ತಿರಲಿಲ್ಲ. ಆಕಾಶವಾಣಿಯಲ್ಲಿ ಬೆಳಗಿನ ವಾರ್ತೆಗೆ ಮುಂಚೆ ಬೀಪ್ ಬೀಪ್ ಬರುತ್ತಿತ್ತಲ್ಲ, ಆ ಹೊತ್ತಿಗೆ ಎಚ್‌ಎಂಟಿ ವಾಚಿನ ಕೀ ಎಳೆದು ಹಿಡಿದು, ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಕೊನೆಯ ಬೀಪ್‌ಗೆ ಕೀ ಒಳಕ್ಕೆ. ಎದುರುಮನೆ, ಪಕ್ಕದಮನೆ ಅಪ್ಪಂದಿರೂ ಹಾಗೇ, ಕೈಯಲ್ಲಿ ವಾಚು, ಮುಖದ ಅರ್ಧಕ್ಕೆ ಸೋಪು. ಇಡೀ ಬೀದಿಗೆ ಒಂದೇ ಸಮಯ. ಎಂಟೂ ಹತ್ತಾದರೆ ಅಪ್ಪ ಬಸ್‌ಸ್ಟಾಪಿನಲ್ಲಿ, ಸಂಜೆ ಆರೂಕಾಲಕ್ಕೆ ಮೂಲೆಯ ತರಕಾರಿ ಗಾಡಿ ಹತ್ತಿರ. ಅಮ್ಮ ಗಡಿಯಾರ ನೋಡಿ ಕಾಫಿಗೆ ನೀರಿಡುತ್ತಿದ್ದಳು. ಎಲ್ಲಿದ್ದೀರಿ ಅಂತ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ.

ಬುಧವಾರ ಮತ್ತೆ ಒಬ್ಬಟ್ಟು ಆರ್ಡರ್ ಮಾಡಿದೆ. ಈ ಸಲ ಟ್ಯಾಬ್ ಮುಟ್ಟಲಿಲ್ಲ. ಫೋನ್ ಹಿಡಿದು ಟೆರೇಸಿಗೆ ಹೋಗಿ, ಆಕಾಶ ಚೆನ್ನಾಗಿ ಕಾಣುವ ಕಡೆ ನಿಂತು, ನೀಲಿ ಚುಕ್ಕೆ ನಮ್ಮ ಮನೆ ಮೇಲೆ ಕೂತ ಮೇಲೇ ಒತ್ತಿದೆ. ಏಳೂವರೆಗೆ ಬರುತ್ತದೆ ಅಂತ ತೋರಿಸಿತು. ಅಪ್ಪ ಟಾರ್ಚ್ ಹಿಡಿದು ಗೇಟಿಗೆ ಹೋದರು.

ಹುಡುಗ ಸರಿಯಾಗಿ ಏಳೂವರೆಗೆ ಬಂದ. ಮನೆ ಹುಡುಕಲೂ ಇಲ್ಲ, ಫೋನೂ ಮಾಡಲಿಲ್ಲ.

"ಏನಪ್ಪಾ, ಕಾಲು ಗಂಟೆ ಲೇಟು" ಅಂದರು ಅಪ್ಪ. ಅವನು ಪಾಪ ಫೋನ್ ತೋರಿಸಿದ. ಅಪ್ಪ ತೆರೆದ ಬಾಗಿಲಿನ ಕಡೆ, ಹಾಲ್ ಗೋಡೆಗೆ ಟಾರ್ಚ್ ಬಿಟ್ಟರು.