ರದ್ದಿ ಬೆಲೆ ಅಲ್ಲ, ಒಪ್ಪಿದ ಬೆಲೆ ಬರೆಸಿ

ಮನೆ ವಿಮೆ ಇದ್ದರೆ ಕಾಮಿಕ್ಸ್ ಸಂಗ್ರಹವೂ ಅದರಲ್ಲೇ ಬಂತು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ ಸರ್. ದಯವಿಟ್ಟು ಯಾರೂ ಅಷ್ಟಕ್ಕೇ ನಂಬಿ ಕೂರಬೇಡಿ. 2021ರ ಏಪ್ರಿಲ್‌ನಲ್ಲಿ ಬಂದ ಭಾರತ ಗೃಹ ರಕ್ಷಾ ಎಂಬ ಮನೆ ವಿಮೆ ಪಾಲಿಸಿಯಲ್ಲಿ ಕಟ್ಟಡಕ್ಕೆ ವಿಮೆ ಮಾಡಿಸಿದರೆ, ಆ ಮೊತ್ತದ ಶೇ 20ರಷ್ಟು, ಹೆಚ್ಚೆಂದರೆ 10 ಲಕ್ಷ, ಮನೆ ಸಾಮಾನಿಗೆ ತಾನಾಗಿಯೇ ಸಿಗುತ್ತದೆ, ನಿಜ. ಮಂಚ, ಫ್ರಿಜ್‌ಗೆ ಅದು ಸಾಕು. ಆದರೆ 1990ರಲ್ಲೇ ನಿಂತುಹೋದ ಇಂದ್ರಜಾಲ ಕಾಮಿಕ್ಸಿನ ಹಳೇ ಸಂಚಿಕೆಯ ಬದಲಿಗೆ ಹೊಸದನ್ನು ಯಾವ ಅಂಗಡಿಯಿಂದ ತರೋದು? ಮುಖಬೆಲೆ ಹಿಡಿದು ಲೆಕ್ಕ ಹಾಕಿದರೆ ಕೈಗೆ ಚಿಲ್ಲರೆಯೇ ಗತಿ. ಬೆಲೆಬಾಳುವ ವಸ್ತುಗಳ ಹೆಚ್ಚುವರಿ ರಕ್ಷಣೆ ತಗೊಂಡು, ಕಾಮಿಕ್ಸ್ ಅಂತ ಹೆಸರು ಹಿಡಿದು, ನೀವೂ ವಿಮಾ ಕಂಪನಿಯೂ ಒಪ್ಪಿದ ಮೌಲ್ಯವನ್ನು ಪಾಲಿಸಿಯಲ್ಲೇ ಬರೆಸಿ. ಏಜೆಂಟರ ಬಾಯಿಮಾತು ಬೇಡ. ಒಟ್ಟು 5 ಲಕ್ಷದೊಳಗೆ, ಬಿಡಿ ವಸ್ತು 1 ಲಕ್ಷದೊಳಗೆ ಇದ್ದರೆ ಮೌಲ್ಯಮಾಪನ ಪ್ರಮಾಣಪತ್ರ ಕೇಳುವುದಿಲ್ಲ.

ನಮ್ಮ ರಾಯಚೂರು ಕಡೆಯವರು 2009ರ ನೆರೆ ಮರೆತಿಲ್ಲ. ಪ್ರವಾಹ, ಬೆಂಕಿ, ಒಡೆದ ನೀರಿನ ಟ್ಯಾಂಕು ಪಾಲಿಸಿಯಲ್ಲಿವೆ. ಗೆದ್ದಲು, ಬೂಸ್ಟು, ನಮ್ಮ ಬಿಸಿಲಿಗೆ ಅಪ್ಪಳದಂತೆ ಮುರಿಯುವ ಹಾಳೆ, ತುಕ್ಕು ಹಿಡಿದ ಪಿನ್ನು ನಡುಪುಟಕ್ಕೆ ಬಿಡುವ ಕಂದು ಕಲೆ, ಇವಕ್ಕೆ ಬಿಡಿಗಾಸೂ ಬರಲ್ಲ. ಮಣ್ಣಿನ ಮಾಳಿಗೆ ಮನೆಯಲ್ಲಿ ಇದ್ದೀರಾದರೆ, ಗೆದ್ದಲು ಹತ್ತದಂತೆ, ಪೆಟ್ಟಿಗೆಯನ್ನು ಗೋಡೆಗೆ ತಾಗಿಸಿ ಇಡಲೇಬೇಡಿ. ಸಾದಾ ಕಳ್ಳತನವೂ ಈ ಪಾಲಿಸಿಯಲ್ಲಿ ಸೇರಿಲ್ಲ, ಅದಕ್ಕೆ ಬೇರೆ ವಿಮೆ. ಪ್ರತಿ ಸಂಚಿಕೆಯ ಮುಖಪುಟ, ಸಂಖ್ಯೆ, ಬೆನ್ನು, ಪಿನ್ನು ಕಾಣುವ ಹಾಗೆ ಫೋಟೊ ತೆಗೆದು ಇಮೇಲ್‌ನಲ್ಲಿ ಇಟ್ಟುಕೊಳ್ಳಿ. ಮನೆಯೇ ಮುಳುಗಿದಾಗ ನಷ್ಟ ಅಂದಾಜು ಮಾಡಲು ಬರುವ ಸರ್ವೇಯರ್ ಮುಂದೆ ತೋರಿಸಲು ಅದೊಂದೇ ಉಳಿಯೋದು.